ಹಳೆ ಮರದ ಮನೆಗೆ ಕೈ ಹಾಕುವ ಮೊದಲು ಟಾರ್ಚ್ ಹಿಡಿಯಿರಿ

ಇಂಗ್ಲೆಂಡಿನ ಸಫೋಕ್‌ನಲ್ಲಿ ನಾವಿರುವುದು ಓಕ್ ಮರದ ಚೌಕಟ್ಟಿನ ಹಳೆ ಮನೆ. ಇಂಥ ಮನೆ ಕೊಂಡವರು ಮೊದಲ ದಿನವೇ ಬಡಗಿಯನ್ನು ಕರೆಸಬೇಡಿ. ಒಂದು ವಾರ ಸುಮ್ನೆ ನೋಡಿ.

ಅಟ್ಟದಿಂದ ಶುರು ಮಾಡಿ. ಮಾಡಿನ ಮರಗಳಿಗೆ ಕಪ್ಪು ಮಸಿ ಹತ್ತಿದೆಯಾ? ಹಾಗಿದ್ದರೆ ಮೊದಲು ಚಿಮಣಿಯೇ ಇರಲಿಲ್ಲ ಅಂತ ಲೆಕ್ಕ. ನಡುಮನೆಯ ನೆಲದ ಮೇಲೆ ಬೆಂಕಿ ಉರಿಯುತ್ತಿತ್ತು, ಹೊಗೆ ನೇರ ಮಾಡಿಗೆ ಏರುತ್ತಿತ್ತು. ಆಮೇಲೆ, ಹೆಚ್ಚಾಗಿ 16 ಮತ್ತು 17ನೇ ಶತಮಾನದಲ್ಲಿ, ಇಟ್ಟಿಗೆ ಚಿಮಣಿ ಕಟ್ಟಿ ನಡುವೆ ಮಹಡಿ ಹಾಕಿದರು. ನಾವು ಮಲಗುವ ಕೋಣೆ ಒಂದು ಕಾಲದಲ್ಲಿ ಬರೀ ಹೊಗೆ ತುಂಬಿದ ಜಾಗ!

ಇನ್ನು ತೊಲೆಗಳ ಅಡಿಭಾಗ ನೋಡಿ. ಟಾರ್ಚನ್ನು ಮರಕ್ಕೆ ತಾಗಿಸಿ ಓರೆಯಾಗಿ ಹಿಡಿಯಿರಿ. ಸಾಲಾಗಿ ಸಣ್ಣ ತೂತುಗಳಿದ್ದರೆ ಅಲ್ಲಿ ತಟ್ಟಿಗೋಡೆ ಇತ್ತು: ಹೇಜಲ್ ಎಂಬ ಗಿಡದ ಕಡ್ಡಿ ಹೆಣೆದು, ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ ಗೋಡೆ. ವಜ್ರದ ಆಕಾರದ ಗುಂಡಿಗಳಿದ್ದರೆ ಅಲ್ಲಿ ಗಾಜಿಲ್ಲದ ಕಾಲದ ಕಿಟಕಿ ಇತ್ತು, ಅದರ ಮರದ ಸರಳುಗಳು ಕೂರುತ್ತಿದ್ದ ಗುಂಡಿಗಳವು. ನಮ್ಮ ಫ್ರಿಜ್ಜಿನ ಮೇಲೆ ಅಂಥವು ಮೂರಿವೆ. ಖಾಲಿ ತೂತು ಕಂಡರೆ ಹಳೆ ಹಡಗಿನ ಮರ ಅನ್ನುವವರು ಜಾಸ್ತಿ. ಸಾಮಾನ್ಯವಾಗಿ ಹಾಗಲ್ಲ, ಅಲ್ಲಿದ್ದ ಕಂಬವನ್ನೋ ಗೋಡೆಯನ್ನೋ ಯಾರೋ ತೆಗೆದಿದ್ದಾರೆ, ಅಷ್ಟೆ.

ಮರಗಳು ಒಂದಕ್ಕೊಂದು ಕೂಡುವ ಜಾಗವನ್ನು ಬೆರಳಲ್ಲಿ ಸವರಿ. ಕೊರೆದ ಗೀಟುಗಳು ಸಿಕ್ಕರೆ ಅವು ಬಡಗಿಯ ಗುರುತು. ಜೋಡಣೆಯ ನಂಬರು ನಾಲ್ಕಾದರೆ ನಾಲ್ಕು ಗೀಟು. ಚೌಕಟ್ಟನ್ನು ಮೊದಲು ನೆಲದ ಮೇಲೆ ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ, ಗಾಡಿಯಲ್ಲಿ ತಂದು ನಿಲ್ಲಿಸುತ್ತಿದ್ದರು. ಒಂದು ಮರದ ನಾಲಿಗೆ ಇನ್ನೊಂದರ ಬಾಯಿಗೆ ಕೂರಬೇಕು. ಗೂಟಕ್ಕಾಗಿ ನಾಲಿಗೆಯಲ್ಲಿ ಮಾಡುವ ತೂತನ್ನು ಬೇಕೆಂದೇ ಬಾಯಿಯ ತೂತಿಗಿಂತ ಕೊಂಚ ಪಕ್ಕಕ್ಕೆ ಕೊರೆಯುತ್ತಿದ್ದರು. ಓಕ್ ಗೂಟ ಬಡಿದಂತೆ ಎರಡೂ ಎಳೆದುಕೊಂಡು ಬಿಗಿಯಾಗುತ್ತಿದ್ದವು. ಮರ ಹಸಿಯದ್ದು, ಒಣಗುತ್ತಾ ಬಾಗುತ್ತದೆ. ನಮ್ಮ ಮಹಡಿಯಲ್ಲಿ ಗೋಲಿ ಬಿಟ್ಟರೆ ಉರುಳುತ್ತದೆ. ಓರೆಯಾದ ಮಾತ್ರಕ್ಕೆ ಗಾಬರಿ ಬೇಡ.

ಗಾಬರಿ ಬೀಳಬೇಕಾದ್ದು ಸಿಮೆಂಟ್ ಕಂಡಾಗ. ನಮಗಿಂತ ಮೊದಲು ಯಾರೋ ಹೊರಗೋಡೆಗೆ ಸಿಮೆಂಟ್ ಮೆತ್ತಿದ್ದರು. ಬಿರುಕಿನಲ್ಲಿ ಇಳಿದ ನೀರಿಗೆ ಹೊರಬರಲು ದಾರಿಯೇ ಇರಲಿಲ್ಲ. ಬುಡದ ಅಡ್ಡತೊಲೆಗೆ ಸ್ಕ್ರೂಡ್ರೈವರ್ ಒತ್ತಿದೆ, ಹಿಡಿಯವರೆಗೂ ಒಳಗೆ ಹೋಯಿತು. ಆವತ್ತು ಅಲ್ಲೇ ಕೂತುಬಿಟ್ಟೆ. ನೀವೂ ಹಾಗೇ ಒತ್ತಿ ನೋಡಿ. ಕೊಳೆತಷ್ಟನ್ನೇ ಕತ್ತರಿಸಿ ಹೊಸ ಓಕ್ ಕೂಡಿಸಿ, ಮೇಲೆ ಸುಣ್ಣದ ಗಾರೆ ಹಚ್ಚಿಸಿ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ. ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಮೊದಲು ಸ್ಥಳೀಯ ಕೌನ್ಸಿಲ್ಲನ್ನು ಕೇಳಿ. ಮನೆಯ ಸ್ವರೂಪ ಬದಲಿಸುವ ಕೆಲಸವನ್ನು ಅನುಮತಿ ಇಲ್ಲದೆ ಮಾಡಿಸುವುದು ಇಲ್ಲಿ ಅಪರಾಧ.

ಗಾರೆ ಮುಚ್ಚುವ ಮೊದಲು ಪ್ರತಿ ತೂತು, ಪ್ರತಿ ಗೀಟಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ನಮ್ಮವು ಮನೆ ಪತ್ರಗಳ ಜೊತೆ ಒಂದೇ ಲಕೋಟೆಯಲ್ಲಿವೆ, ಮುಂದೆ ಇಲ್ಲಿಗೆ ಬರುವವರಿಗೆ.