ಚಿಕ್ಕ ಮೋಟರ್‌ಗೂ ಅದೇ ಸ್ಟೇರಿಂಗ್ ಸಾಕು

ಕಬಿನಿ ಹಿನ್ನೀರಿನ ಕಡೆ ಬೋಟ್ ಓಡಿಸುವವರಿಗೆ ಒಂದು ಸಲಹೆ. ದೊಡ್ಡ ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗೆ ಕೂರಿಸುವ ಮೋಟರ್) ಪಕ್ಕ ಚಿಕ್ಕ ಮೋಟರ್ ಹಾಕಿಕೊಂಡಿದ್ದೀರಾ? ಅದನ್ನು ತಿರುಗಿಸಲು ಪ್ರತಿ ಸಲ ಹಿಂದಕ್ಕೆ ಹೋಗಿ ಹಿಡಿಕೆ ಹಿಡಿಯಬೇಕಿಲ್ಲ. ಎರಡನ್ನೂ ಒಂದು ಸ್ಟೇನ್‌ಲೆಸ್ ಸ್ಟೀಲ್ ರಾಡ್‌ನಿಂದ ಜೋಡಿಸಿ. ಮುಂದಿರುವ ಸ್ಟೇರಿಂಗ್ ಚಕ್ರವೇ ಎರಡನ್ನೂ ತಿರುಗಿಸುತ್ತದೆ. ದೊಡ್ಡದನ್ನು ಆಫ್ ಮಾಡಿ ನೀರಲ್ಲೇ ಬಿಟ್ಟರೆ ಅದೂ ಚುಕ್ಕಾಣಿಯ ಕೆಲಸ ಮಾಡುತ್ತದೆ. ನಿಧಾನಕ್ಕೆ ಹೋಗುವಾಗ ಬೋಟ್ ಚೆನ್ನಾಗಿ ಮಾತು ಕೇಳುತ್ತದೆ.

ರಾಡ್‌ನ ಎರಡೂ ತುದಿಗೆ ಬಾಲ್ ಜಾಯಿಂಟ್ (ಬೇರೆ ಬೇರೆ ದಿಕ್ಕಿಗೆ ವಾಲುವ ಗುಂಡು ಕೀಲು) ಇರಲೇಬೇಕು. ಸುಮ್ನೆ ಬೋಲ್ಟ್ ಬಿಗಿದರೆ ಆಗುವುದಿಲ್ಲ. ಇಲ್ಲಿ ನೀರಲ್ಲಿ ಮುಳುಗಿದ ಮರದ ಬೊಡ್ಡೆಗಳು ಜಾಸ್ತಿ ಅಲ್ವಾ, ತಾಗಿದರೆ ಮೋಟರ್ ಮೇಲಕ್ಕೆ ಏಳಬೇಕು. ಜೋಡಣೆ ಬಿಗಿಯಾಗಿದ್ದರೆ ರಾಡ್ ಬಾಗುತ್ತದೆ, ಇಲ್ಲವೇ ಬ್ರ್ಯಾಕೆಟ್ ಮುರಿಯುತ್ತದೆ. ಚಿಕ್ಕ ಮೋಟರ್ ತಿರುಗುವುದನ್ನು ಬಿಗಿ ಮಾಡುವ ಸ್ಕ್ರೂ ಸಡಿಲ ಮಾಡಿ, ಇಲ್ಲದಿದ್ದರೆ ಚಕ್ರ ಭಾರವಾಗುತ್ತದೆ.

ಮೊದಲು ದಡದಲ್ಲೇ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಒಂದನ್ನು ಎತ್ತಿ ಇನ್ನೊಂದನ್ನು ಇಳಿಸಿ ನೋಡಿ. ಎಲ್ಲೂ ತಾಗಬಾರದು. ಒಂದು ತುದಿಗೆ ಕೈಯಲ್ಲೇ ಬಿಚ್ಚುವ ಪಿನ್ ಹಾಕಿ, ಬೀಳದಂತೆ ದಾರ ಕಟ್ಟಿ. ಸ್ಪೀಡಾಗಿ ಹೋಗುವಾಗ ಚಿಕ್ಕದನ್ನು ಬಿಚ್ಚಿ, ಮೇಲೆತ್ತಿ ಕಟ್ಟಿಬಿಡುವುದೇ ನನಗೆ ಸರಿ ಅನ್ನಿಸುತ್ತದೆ.