ಎಣ್ಣೆ ಬಂದ್ ಮಾಡಲಿಲ್ಲ, ಬದಲಿಸಿದೆವು

ನಮ್ಮ ಮನೆಯವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ, ಅಂಕೋಲೆಯ ನಮ್ಮ ಮನೆಗೆ ನೋಡಲು ಬಂದವರೆಲ್ಲ "ಇನ್ನು ಎಣ್ಣೆ ಪೂರ್ತಿ ಬಂದ್ ಮಾಡಿ" ಅಂದರು. ಡಾಕ್ಟರು ಹಾಗೆ ಹೇಳಿರಲಿಲ್ಲ. ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, 70ಕ್ಕಿಂತ ಕೆಳಗಿರಬೇಕು, ಮಾತ್ರೆ ತಪ್ಪಿಸಬಾರದು, ಯಾವ ಕೊಬ್ಬು ತಿನ್ನುತ್ತೀರಿ ಅನ್ನೋದನ್ನ ನೋಡಿಕೊಳ್ಳಿ ಅಂದಿದ್ದರು. ಕೊನೆಯದ್ದು ನನ್ನ ಪಾಲಿನ ಕೆಲಸ.

ಮೊದಲು ಕೈ ಹಾಕಿದ್ದು ಕೊಬ್ಬರಿ ಎಣ್ಣೆಗೆ. ಅತ್ತೆಗೆ ಬೇಜಾರಾಯಿತು. "ನಾವೆಲ್ಲ ಅದನ್ನೇ ತಿಂದು ಗಟ್ಟಿಯಾಗಿಲ್ವೇನೇ?" ಅಂದರು. ಅವರ ಮಾತೂ ನಿಜ. ಆಗ ಎಣ್ಣೆ ಒಗ್ಗರಣೆಗಷ್ಟೇ, ಮೇಲಿಂದ ದಿನವಿಡೀ ಗದ್ದೆ ಕೆಲಸ. ಇವರದ್ದು ಬೆಳಗ್ಗಿಂದ ಸಂಜೆವರೆಗೆ ಅಂಗಡಿ ಗಲ್ಲಾದಲ್ಲಿ ಕೂರುವ ಕೆಲಸ. ಕೊಬ್ಬರಿ ಎಣ್ಣೆಯಲ್ಲಿ ಶೇಕಡಾ 80ಕ್ಕೂ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಣ್ಣಗಾದರೆ ಹೆಪ್ಪುಗಟ್ಟುವ ಬಗೆಯ ಕೊಬ್ಬು ಇದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಶೇಂಗಾ ಎಣ್ಣೆಯಲ್ಲಿ ಅದು ಶೇಕಡಾ 20ರ ಆಸುಪಾಸು. ಹಾಗಾಗಿ ದಿನದ ಅಡುಗೆಗೆ ಶೇಂಗಾ ಎಣ್ಣೆ, ಪಲ್ಯಕ್ಕೆ ಪರಿಮಳಕ್ಕೆಂದು ಕೊನೆಗೆ ಒಂದು ಚಮಚ ಕೊಬ್ಬರಿ ಎಣ್ಣೆ. ಇದಕ್ಕೆ ಅತ್ತೆ ಒಪ್ಪಿದರು. ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲರಿ, ಹಾಗಾಗಿ ಬಾಟಲಿಯಿಂದ ಸುರಿಯುವುದು ಬಿಟ್ಟು ಚಮಚದಲ್ಲೇ ಹಾಕುತ್ತೇನೆ.

ಮೀನು ಮಾತ್ರ ಜಾಸ್ತಿ ಮಾಡಿದೆ. ಬಂಗಡೆ, ತಾರ್ಲೆಯಲ್ಲಿ (ಬೂತಾಯಿ) ಹೃದಯಕ್ಕೆ ಒಳ್ಳೆಯದಾದ ಒಮೆಗಾ-3 ಕೊಬ್ಬು ಚೆನ್ನಾಗಿದೆ. ಆದರೆ ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಏನು ಬಂತು? ಮಳೆಗಾಲ ಮುಗಿದ ಮೇಲೆ ಬರುವ ತಾರ್ಲೆಗೆ ಮಸಾಲೆ ಹಚ್ಚಿ, ಬಾಳೆ ಎಲೆಯಲ್ಲಿ ಸುತ್ತಿ, ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿಡಿ. ಸ್ವಲ್ಪ ಹೊತ್ತಿಗೆ ಎಲೆಯ ಅಂಚಿನಿಂದ ಮೀನಿನದೇ ಎಣ್ಣೆ ಚುರ್ ಅಂತ ಜಿನುಗುತ್ತದೆ. ಮೇಲಿಂದ ಒಂದು ಹನಿಯೂ ಬೇಕಾಗುವುದಿಲ್ಲ.

ಕಷ್ಟ ಆಗಿದ್ದು ಸಂಜೆ ಚಹಾದ ಜೊತೆಗಿನ ಖಾರಿ ಬಿಸ್ಕತ್ತು ಬಿಡಿಸಲು. ಅದರ ಪದರ ಪದರಕ್ಕೂ ವನಸ್ಪತಿ ಅಥವಾ ಮಾರ್ಗರಿನ್ ಸವರಿರುತ್ತಾರೆ. ಎಣ್ಣೆಯನ್ನು ಹಾಗೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಅದರಲ್ಲಿ ಇರಬಹುದು. ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2 ದಾಟಬಾರದು ಅಂತ 2022ರ ಜನವರಿಯಿಂದ ನಿಯಮವೇನೋ ಇದೆ, ಆದರೆ ಬಿಡಿಯಾಗಿ ಕೊಡುವ ಖಾರಿಗೆ ಲೇಬಲ್ ಎಲ್ಲಿರುತ್ತದೆ? ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸುವುದಲ್ಲದೆ ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಇಳಿಸುತ್ತದೆ. ಖಾರಿ ಬದಲು ಮಂಡಕ್ಕಿ, ಸಕ್ಕರೆ ಬಿಸ್ಕತ್ತು ಕೊಟ್ಟರೂ ಲಾಭವಿಲ್ಲ, ಕೊಬ್ಬಿನ ಜಾಗಕ್ಕೆ ಹಿಟ್ಟು-ಸಕ್ಕರೆ ಬಂದರೆ ಹೃದಯಕ್ಕೇನೂ ಉಪಕಾರ ಆಗದು. ಒಂದು ಮುಷ್ಟಿ ಹುರಿದ ಶೇಂಗಾ ಇಟ್ಟೆ. ಈಗ ಅವರೇ ಕೇಳಿ ತಿನ್ನುತ್ತಾರೆ. ರಿಪೋರ್ಟೂ ಚೆನ್ನಾಗಿ ಬರುತ್ತಿದೆ. ಅದರಲ್ಲಿ ಮಾತ್ರೆಯದ್ದೇ ದೊಡ್ಡ ಪಾಲು, ಅದನ್ನು ಒಂದು ದಿನವೂ ಬಿಟ್ಟಿಲ್ಲ.

ಜೂನ್, ಜುಲೈನಲ್ಲಿ ಮೀನು ಹಿಡಿಯುವ ಯಂತ್ರದ ದೋಣಿ ಬಂದ್. ಒಣಮೀನಿನ ಉಪ್ಪು ಇವರ ಬಿಪಿಗೆ ಆಗುವುದಿಲ್ಲ. ಆಗ ಅಗಸೆ ಹುರಿದು ಚಟ್ನಿಪುಡಿ ಮಾಡುತ್ತೇನೆ. ಇಡೀ ಕಾಳು ಹಾಗೇ ಹೊಟ್ಟೆಯಿಂದ ದಾಟಿ ಹೋಗುತ್ತದೆ, ಪುಡಿ ಮಾಡಲೇಬೇಕು. ಅಗಸೆಯ ಒಮೆಗಾ-3 ಮೀನಿನದರಷ್ಟು ಮೈಗೆ ಒದಗುವುದಿಲ್ಲ. ಆದರೂ ಆ ಎರಡು ತಿಂಗಳು ಕುಚ್ಚಲಕ್ಕಿ ಗಂಜಿಗೆ ನೆಂಚಿಕೊಳ್ಳಲು ಅದೇ.