ತೊತ್ತೋ-ಚಾನ್‌ಳ ಬುತ್ತಿ ನಮ್ಮ ಮನೆಯಲ್ಲಿ

ನನ್ನ ಊರು ಕಡಲತೀರದ ಕುಮಟಾ, ಹೆಂಡತಿಯದು ಘಟ್ಟದ ಮೇಲಿನ ಶಿರಸಿ. ನಮ್ಮವರಿಗೆ ಮೀನಿಲ್ಲದ ಊಟ ಊಟವಲ್ಲ. ಅವಳ ತವರಿನಲ್ಲಿ ಮೀನಿನ ಹೆಸರೆತ್ತುವಂತಿಲ್ಲ. ಜಪಾನಿನ ತೆತ್ಸುಕೊ ಕುರೋಯಾನಾಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದ ‘ತೊತ್ತೋ-ಚಾನ್’ ಓದಿ ಹೇಳುತ್ತಿದ್ದಾಗ ಮಗಳು ಒಂದು ಕಡೆ ನನ್ನನ್ನು ತಡೆದು, “ಇದು ನಮ್ಮ ಮನೆಯದೇ ಕಥೆ” ಎಂದಳು. ಟೋಕಿಯೊದ ತೊಮೊಯೆ ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿ, ಮಕ್ಕಳ ಬುತ್ತಿಯಲ್ಲಿ ಸಮುದ್ರದ್ದು ಸ್ವಲ್ಪ, ಬೆಟ್ಟದ್ದು ಸ್ವಲ್ಪ ಇರಬೇಕು ಎನ್ನುತ್ತಾರಲ್ಲ, ಆ ಜಾಗ.

ಆ ವಾರವೇ ಬುತ್ತಿ ಕಟ್ಟಲು ಹೋಗಿ ಕೆಡಿಸಿದೆವು. ನಾಲ್ಕನೆಯ ಸಲ ಸರಿಹೋದದ್ದು ಹೀಗೆ, ನಾಲ್ವರ ಲೆಕ್ಕ.

ಪುಸ್ತಕದ ಹುಡುಗಿ ತೊತ್ತೋ-ಚಾನ್‌ಳ ಡಬ್ಬಿಯಲ್ಲಿ ಹಳದಿ ಮೊಟ್ಟೆ, ಹಸಿರು ಬಟಾಣಿ, ಕಂದು ದೆಂಬು, ಗುಲಾಬಿ ಬಣ್ಣದ ಮೀನಿನ ಮೊಟ್ಟೆ ಇರುತ್ತವೆ. ಇವುಗಳಲ್ಲಿ ಹೆಚ್ಚು ಕೆಲಸ ಬೇಡುವುದು ದೆಂಬು ಮಾತ್ರ. ದೆಂಬು ಎಂದರೆ ಮೀನಿನ ಸಿಹಿ-ಉಪ್ಪು ಪುಡಿ. ಮೊದಲ ಸಲ ಅಗ್ಗಕ್ಕೆ ಸಿಕ್ಕಿತೆಂದು ಬಂಗುಡೆ ತಂದೆ. ಎಣ್ಣೆಯ ಮೀನು, ಪುಡಿಯಾಗುವ ಬದಲು ಮುದ್ದೆಯಾಯಿತು. ಮೇಲೆ ಮಗನ ಬಾಯಿಗೆ ಒಂದು ಮುಳ್ಳು. ಮಂಗಳೂರಿನವರು ಅಂಜಲ್ ಎನ್ನುವ ಮೀನು ಇದಕ್ಕೆ ಸರಿ.

ಕಾಲು ಕಿಲೋ ಅಂಜಲ್ ತುಂಡುಗಳನ್ನು ಹತ್ತು ನಿಮಿಷ ನೀರಿನಲ್ಲಿ ಬೇಯಿಸಿ, ಚರ್ಮ ಮತ್ತು ಮುಳ್ಳು ತೆಗೆಯಿರಿ. ಮುಳ್ಳು ತೆಗೆಯುವುದು ದೊಡ್ಡವರ ಕೆಲಸ, ಎರಡು ಸಲ ನೋಡಿ. ಮೀನನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ನಲ್ಲಿಯ ಕೆಳಗೆ ಹಿಸುಕಿ, ಚೆನ್ನಾಗಿ ಹಿಂಡಿ. ಇನ್ನು ಮಕ್ಕಳಿಗೆ ಕೊಡಿ: ಬೆರಳಿನಿಂದ ಉದುರುದುರಾಗಿ ಬಿಡಿಸಲಿ. ದಪ್ಪ ತಳದ ಬಾಣಲೆಗೆ ಹಾಕಿ, ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದೂವರೆ ಚಮಚ ಸಕ್ಕರೆ, ಎರಡು ಚಮಚ ನೀರು ಸೇರಿಸಿ. ಬೇರೆ ಉಪ್ಪು ಬೇಡ. ಸಣ್ಣ ಉರಿಯಲ್ಲಿ ಕೈ ಬಿಡದೆ ಹನ್ನೆರಡು ನಿಮಿಷ ಕೆದಕಿ. ಮೊದಲು ಅಂಟಂಟಾಗಿ ಹಾಳಾಯಿತೆನಿಸುತ್ತದೆ. ಎಂಟನೆಯ ನಿಮಿಷದ ಹೊತ್ತಿಗೆ ಸದ್ದು ಬದಲಾಗುತ್ತದೆ, ಸೊರಸೊರ ಹೋಗಿ ಚರಚರ ಬರುತ್ತದೆ. ಎಳೆಗಳು ಹತ್ತಿಯಂತೆ ಬಿಡಿಬಿಡಿಯಾದಾಗ ಇಳಿಸಿ.

ಮೊಟ್ಟೆ ಸುಲಭ. ಮೂರು ಮೊಟ್ಟೆಗೆ ಒಂದು ಸಣ್ಣ ಚಮಚ ಸಕ್ಕರೆ, ಚಿಟಿಕೆ ಉಪ್ಪು. ನಾಲ್ಕು ಕಡ್ಡಿಗಳನ್ನು ಒಟ್ಟಿಗೆ ಹಿಡಿದು ಸಣ್ಣ ಉರಿಯಲ್ಲಿ ಕಲಕಿದರೆ ರವೆಯಂತೆ ಉದುರುತ್ತದೆ. ಬಟಾಣಿಯನ್ನು ಬೆಂದ ನೀರಿನಲ್ಲಿಯೇ ಆರಲು ಬಿಡಿ, ಸುಕ್ಕುಗಟ್ಟುವುದಿಲ್ಲ. ಗುಲಾಬಿ ಬಣ್ಣಕ್ಕೆ ನಾವು ಬೀಟ್‌ರೂಟ್ ರಸ ಹಿಂಡಿದ ತೆಂಗಿನ ತುರಿ ಹಾಕಿದೆವು. ಜಪಾನಿನವರು ಕ್ಷಮಿಸಲಿ.

ಅನ್ನ ಸ್ವಲ್ಪ ಅಂಟಬೇಕು. ಕರಾವಳಿಯ ಕುಚ್ಚಲಕ್ಕಿ ಆಗುವುದಿಲ್ಲ, ಹಳೆಯ ಸೋನಾ ಮಸೂರಿಯೂ ಆಗುವುದಿಲ್ಲ. ಅಂಬೆಮೋಹರ್ ಸಿಕ್ಕರೆ ತನ್ನಿ, ಇಲ್ಲದಿದ್ದರೆ ಹೊಸ ಅಕ್ಕಿ. ಆರಿದ ಅನ್ನವನ್ನು ಡಬ್ಬಿಯಲ್ಲಿ ಸಮತಟ್ಟಾಗಿ ಹರಡಿ, ಮೇಲೆ ನಾಲ್ಕು ಬಣ್ಣಗಳನ್ನು ಪಟ್ಟಿಪಟ್ಟಿಯಾಗಿ ತುಂಬುವುದನ್ನು ಮಕ್ಕಳಿಗೇ ಬಿಡಿ.

ಮೀನು ಮುಟ್ಟದವರಿಗೂ ಪುಸ್ತಕದಲ್ಲಿಯೇ ದಾರಿಯಿದೆ. ನೋರಿ ಮತ್ತು ಉಮೆಬೊಶಿ ಇದ್ದರೆ ಸಾಕು, ಸಮುದ್ರವೂ ಆಯಿತು, ಬೆಟ್ಟವೂ ಆಯಿತು. ನೋರಿ ಎಂದರೆ ಕಡಲಪಾಚಿಯ ಹಾಳೆ, ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ; ಕಾವಲಿಯ ಮೇಲೆ ಒಂದು ಕ್ಷಣ ಬಿಸಿ ಮಾಡಿದರೆ ಗರಿಗರಿಯಾಗುತ್ತದೆ. ಉಮೆಬೊಶಿ ಉಪ್ಪಿನಲ್ಲಿ ಹಾಕಿ ಒಣಗಿಸಿದ ಹುಳಿಹಣ್ಣು. ಅದರ ವಿವರ ಕೇಳಿದ ಅತ್ತೆ, “ಅದಕ್ಕೆ ಜಪಾನಿಗೆ ಹೋಗಬೇಕೇ?” ಎಂದು ಭರಣಿಯಿಂದ ಉಪ್ಪಿನಲ್ಲಿ ಸುಕ್ಕುಗಟ್ಟಿದ ಅಪ್ಪೆಮಿಡಿ ತೆಗೆದು ಅನ್ನದ ನಡುವೆ ಒತ್ತಿದರು. ಬಿಳಿ ಅನ್ನದ ಮೇಲೆ ಒಂದೇ ಮಿಡಿ, ಪಕ್ಕದಲ್ಲಿ ಕಪ್ಪು ನೋರಿ. ಆ ದಿನದ ಅತಿ ಚೆಂದದ ಡಬ್ಬಿ ಅದೇ, ನನ್ನ ದೆಂಬುವಿಗಿಂತ ಚೆಂದ ಎಂದು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ತಿನ್ನುವಾಗ ಆಟ ಬಿಡಬೇಡಿ. ಕಥೆಯಲ್ಲಿ ಯಾರ ಡಬ್ಬಿಯಲ್ಲಿ ಏನು ಕಡಿಮೆಯೋ ಅದನ್ನು ಮುಖ್ಯೋಪಾಧ್ಯಾಯರ ಹೆಂಡತಿ ಎರಡು ಪಾತ್ರೆ ಹಿಡಿದು ಬಂದು ಬಡಿಸುತ್ತಾರೆ. ನಮ್ಮಲ್ಲಿ ಆ ಕೆಲಸ ಮಗನದು: ಒಂದರಲ್ಲಿ ಹುರಿದ ಸಿಗಡಿ, ಇನ್ನೊಂದರಲ್ಲಿ ಬೇಯಿಸಿದ ಆಲೂಗಡ್ಡೆ. ಅಜ್ಜಿಯ ಮುಂದೆ ಸಿಗಡಿಯ ಪಾತ್ರೆಗೆ ಮುಚ್ಚಳ.

ಉಳಿದ ದೆಂಬು ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ, ಆದರೆ ಡಬ್ಬಿಯ ಮೇಲೆ ಹೆಸರು ಬರೆಯಿರಿ. ಪುಸ್ತಕದ ಮಕ್ಕಳಿಗೇ ಅದು ಸಮುದ್ರದ್ದೋ ಬೆಟ್ಟದ್ದೋ ತಿಳಿಯುವುದಿಲ್ಲ. ನೋಡಲು ಥೇಟ್ ಚಟ್ನಿಪುಡಿ, ಅತ್ತೆ ದೋಸೆಗೆ ಹಾಕಿಕೊಳ್ಳುವುದರಲ್ಲಿದ್ದರು. ಮಗಳು ಅದಕ್ಕೆ ‘ಸಮುದ್ರ’ ಎಂದು ಚೀಟಿ ಅಂಟಿಸಿದಳು. ಮಿಡಿಯ ಭರಣಿಗೆ ‘ಬೆಟ್ಟ’ ಎಂದು ಬರೆಯುವಷ್ಟರಲ್ಲಿ ಅದರ ಉಪ್ಪು ಸಾಣಿಕಟ್ಟೆಯ ಗದ್ದೆಯದು, ಕಡಲ ನೀರಿನದು ಎಂದು ನಾನು ಬಾಯಿ ಹಾಕಿದೆ. ಚೀಟಿಯಲ್ಲಿ ಈಗ ‘ಬೆಟ್ಟ, ಸ್ವಲ್ಪ ಸಮುದ್ರ’ ಎಂದಿದೆ.